ಇಲ್ಲು

ಆಸ್ಪತ್ರೆಯಲ್ಲಿ ಡಾಕ್ಟರಮ್ಮ, ಮನೆಯ ಚಿತ್ರವಿದ್ದ ರಟ್ಟನ್ನು ಮಾತು ಸರಿಯಾಗಿ ಬಾರದ ಮಗುವಿನ ಮುಂದೆ ಹಿಡಿದರು. "ಇದೇನು ಪುಟ್ಟಿ, ಹೇಳು?"

ಆರು ವರ್ಷದ ಉಮಾಮಹೇಶ್ವರಿ ಬಹಳ ಹೊತ್ತು ನೋಡಿದಳು. ತುಟಿ ಅಲುಗಿತು. "ಇಲ್ಲು," ಎಂದಳು, ಉಸಿರಿನಷ್ಟೇ ಸಣ್ಣಗೆ.

"ಇಲ್ಲ ಅಂತಾಳೆ ಮೇಡಂ. ಗೊತ್ತಿಲ್ಲ ಅಂತ," ಎಂದಳು ತಾಯಿ ಈಶ್ವರಮ್ಮ. ಅವಳು ಮಂಡ್ಯದ ಕಡೆಯವಳು. ಗಂಡನ ಮನೆಯ ತೆಲುಗು ಇನ್ನೂ ತಲೆಗೆ ಹತ್ತಿರಲಿಲ್ಲ. ಡಾಕ್ಟರಮ್ಮ ಕಾಗದದ ಮೇಲೆ ತಪ್ಪು ಗುರುತು ಹಾಕಲು ಪೆನ್ನು ಎತ್ತಿದರು.

ಗೋಡೆಯ ಪಕ್ಕದ ಬೆಂಚಿನಲ್ಲಿ ಅಜ್ಜಿ ಮುನಿವೆಂಕಟಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಳಿತಿದ್ದಳು. ಹಿಂದಿನ ವರ್ಷ, ಎಂಬತ್ತೊಂದರ ಜೂನಿನಲ್ಲಿ, ಮಗುವನ್ನು ಶಾಲೆಗೆ ಸೇರಿಸಿದಾಗ ಮೇಷ್ಟ್ರು, "ಎರಡು ಭಾಷೆ ಸೇರಿ ಮಗೂ ತಲೆ ಕಲಸಿಹೋಗಿದೆ. ಅಜ್ಜಿ ತೆಲುಗು ನಿಲ್ಲಿಸ್ಲಿ, ಮಾತು ತಾನಾಗೇ ಬರುತ್ತೆ," ಎಂದಿದ್ದರು. ಅಂದಿನಿಂದ ಮುದುಕಿ ಮೊಮ್ಮಗಳೊಡನೆ ತುಟಿ ಬಿಚ್ಚಿರಲಿಲ್ಲ. ಅವಳಿಗಿದ್ದ ಕನ್ನಡ ಇಟ್ಟಮಡುವಿನ ಬೀದಿಯಲ್ಲಿ ಸೊಪ್ಪು ಮಾರುವಷ್ಟು, ಮುದ್ದು ಮಾಡುವಷ್ಟಲ್ಲ. ಮಗು ಒಂದು ತೆಲುಗು ಶಬ್ದ ಎತ್ತಿದರೂ ಅದರ ತುಟಿಯ ಮೇಲೆ ಬೆರಳಿಟ್ಟು ತಡೆಯುತ್ತಿದ್ದಳು. ಮಂಗಳವಾರ ಬನಶಂಕರಿಯ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚುವಾಗ ಮಾತ್ರ ಮನಸ್ಸಿನೊಳಗೇ ತೆಲುಗಿನಲ್ಲಿ ಬೇಡಿಕೊಳ್ಳುತ್ತಿದ್ದಳು. ಅಮ್ಮನವರಿಗೆ ಎರಡೂ ತಿಳಿಯುತ್ತಿತ್ತು.

ಈಗ ಮುದುಕಿಗೆ ತಡೆಯಲಾಗಲಿಲ್ಲ. "ಇಲ್ಲ ಅಲ್ಲ ತಾಯಿ ಅದು. ಇಲ್ಲು. ನಮ್ಮಲ್ಲಿ ಮನೇಗೆ ಹಂಗಂತೀವಿ."

ಪೆನ್ನು ನಿಂತಿತು. "ಮನೇಲಿ ತೆಲುಗು ಮಾತಾಡ್ತೀರಾ ಅಜ್ಜಿ?"

"ಬಿಟ್ಟು ವರ್ಷ ಆಯ್ತು. ನನ್ನಿಂದ್ಲೇ ಮಗೀಗೆ ಹಿಂಗಾಯ್ತು ಅಂದ್ರು."

ಡಾಕ್ಟರಮ್ಮ ರಟ್ಟನ್ನು ಕೆಳಗಿಟ್ಟರು. "ನಿಮ್ಮಿಂದ ಅಲ್ಲ. ಇವಳಿಗೆ ಮಾತು ಕಲಿಯೋದೇ ಕಷ್ಟ. ಒಂದೇ ಭಾಷೆ ಇದ್ದಿದ್ರೂ ಹೀಗೇ ಇರ್ತಿತ್ತು. ನೀವು ಮಾತಾಡ್ಬೇಕಿತ್ತು ಅಜ್ಜಿ, ಎಷ್ಟಾಗುತ್ತೋ ಅಷ್ಟು."

ಈಶ್ವರಮ್ಮ ಅತ್ತೆಯ ಮುಖ ನೋಡಲಾರದೆ ಮಗುವಿನ ಲಂಗ ಸರಿಮಾಡಿದಳು. "ಮೇಷ್ಟ್ರು ಮಾತಿಗೆ ನಾನೂ ಹೂಂ ಅಂದ್ಬಿಟ್ಟೆ," ಎಂದಳು ಕೊನೆಗೆ. "ಇನ್ನು ಮಾತಾಡಿ ಅತ್ತೆ."

ಜಯನಗರದ ಬಸ್ ಸ್ಟಾಪಿನಲ್ಲಿ ಮುನಿವೆಂಕಟಮ್ಮ ಚಪ್ಪಡಿಯ ಮೇಲೆ ಕುಳಿತು ಮಗುವನ್ನು ತೊಡೆಗೆ ಎಳೆದುಕೊಂಡಳು. ಬನಶಂಕರಮ್ಮನ ಹೆಸರು ಹೇಳಿ ಗಂಟಲು ಸರಿಮಾಡಿಕೊಂಡಳು.

"ಇಂಟಿಕಿ ಪೋದಾಂ, ತಲ್ಲೀ," ಎಂದಳು. ಮನೆಗೆ ಹೋಗೋಣ, ತಾಯಿ.

ಮಗು ಅತ್ತಿತ್ತ ನೋಡಿತು. ಆಮೇಲೆ ಮೆಲ್ಲಗೆ ಕೈಯೆತ್ತಿ, ಅಜ್ಜಿಯ ತುಟಿಯ ಮೇಲೆ ತನ್ನ ಪುಟ್ಟ ಬೆರಳನ್ನು ಇಟ್ಟಿತು.