ಆರು ಬಾಟಲಿ, ಕಾರ್ಕಿನ ಬಿರಡೆ

ಕೋಳಿ ಕೊಳ್ಳುವಾಗ ಕಾಲು ಹಿಡಿದೆತ್ತಿ ತೂಕ ನೋಡದೆ ಬಿಡದ ನನ್ನ ಚಿಕ್ಕಪ್ಪ ಹೂವಯ್ಯನವರು, ೧೯೮೪ರ ಕೊನೆಗೆ, ಇನ್ನೂ ಬಳ್ಳಿಯಲ್ಲೇ ಇದ್ದ ದ್ರಾಕ್ಷಿಯ ವೈನಿಗೆ ಪೂರ್ತಿ ಹಣ ಕಟ್ಟಿ ಬಂದರು. ಸಾಗರದ ಬ್ರಾಂದಿ ಅಂಗಡಿಯ ಜಟ್ಟಪ್ಪ ಹೇಳಿದ್ದನಂತೆ: ಮಾಡುವುದೇ ಮುನ್ನೂರು ಬಾಟಲಿ, ಒಂದೊಂದಕ್ಕೂ ನಂಬರು, ಕೈಗೆ ಸಿಗಲು ಒಂದೂವರೆ ವರ್ಷ. ಇಂಥದ್ದಕ್ಕೆ ಕಾಯುವವರೆಲ್ಲ ದೊಡ್ಡ ಮನುಷ್ಯರು ಎಂದೂ ಸೇರಿಸಿದ್ದನಂತೆ. ಚಿಕ್ಕಪ್ಪ ನಿಂತಲ್ಲೇ ಆರು ಬಾಟಲಿಯಷ್ಟು ದೊಡ್ಡವರಾದರು.

ವೈನು ಅವರಿಗಲ್ಲ. ಕಾರ್ಗಲ್ಲಿನ ಕರೆಂಟ್ ಆಫೀಸಿನ ಇಂಜಿನಿಯರ್ ನಾಗರಾಜಪ್ಪನವರು ಯಾವುದೋ ಮದುವೆಯಲ್ಲಿ ವೈನಿನ ಬಗ್ಗೆ ನಾಲ್ಕು ಮಾತಾಡಿದ್ದರು. ಅವರನ್ನು ಊಟಕ್ಕೆ ಕರೆದು ಒಂದು ಗ್ಲಾಸು ಕೊಟ್ಟರೆ ಮನೆಗೆ ಕರೆಂಟು ಬರುತ್ತದೆ ಎಂದು ಚಿಕ್ಕಪ್ಪನ ನಂಬಿಕೆ. ಅಣೆಕಟ್ಟಿನ ನೀರು ಹೊಸನಗರದ ಈಚೆ ನಮ್ಮ ಗದ್ದೆಯ ತನಕ ತಾನಾಗಿಯೇ ಬಂದಿತ್ತು. ಕರೆಂಟಿಗೆ ಮಾತ್ರ ದಾರಿ ತಿಳಿದಿರಲಿಲ್ಲ.

ಅದು ನನಗೂ ಬೇಕಿತ್ತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತವಳು ನಾನು. ಹತ್ತೊಂಬತ್ತಕ್ಕೇ ಸೂಜಿಗೆ ದಾರ ಪೋಣಿಸಲು ಚಿಕ್ಕಮ್ಮನನ್ನು ಕರೆಯುವಂತಾಗಿತ್ತು. ದೀಪದ ಬುಡದಲ್ಲಿ ಹೀಗೇ ಹೊಲಿದರೆ ಕಣ್ಣು ಉಳಿಯುವುದಿಲ್ಲ ಎಂದು ತೀರ್ಥಹಳ್ಳಿಯ ಡಾಕ್ಟರು ಹೇಳಿದ್ದರು.

ವೈನಿನ ಫಾರಂ ತುಂಬಿದ್ದು ನಾನೇ. ಇಂಗ್ಲಿಷ್ ಅಕ್ಷರವನ್ನು ನೋಡಿಕೊಂಡು ದುಂಡಗೆ ಬರೆಯುತ್ತೇನೆ. ಮೂರು ಪ್ರತಿ. ಕೊನೆಯಲ್ಲೊಂದು ಪ್ರಶ್ನೆ: ಬಾಟಲಿಗೆ ಕಾರ್ಕಿನ ಬಿರಡೆಯೋ, ತಿರುಗಿಸುವ ತಗಡಿನ ಮುಚ್ಚಳವೋ? ಚಿಕ್ಕಪ್ಪ ಮೂರು ದಿನ ಯೋಚಿಸಿದರು. ನನ್ನನ್ನು ಶಾಲೆ ಬಿಡಿಸುವಾಗ ಅರ್ಧ ಗಂಟೆಯೂ ಬೇಕಾಗಿರಲಿಲ್ಲ.

"ತಿರುಪಿನ ಮುಚ್ಚಳ ಕೆಮ್ಮಿನ ಔಷಧಿಗೆ ಸರಿ," ಎಂದರು ಕೊನೆಗೆ. "ಕಾರ್ಕಿಗೇ ಗೀಟು ಹಾಕು ಜಲಜಾ."

ಪೆಟ್ಟಿಗೆ ಬಂದದ್ದು ಮಳೆಗಾಲದ ಬಾಗಿಲಿಗೆ. ತಂಪಾದ ಜಾಗದಲ್ಲಿ ಅಡ್ಡ ಮಲಗಿಸಿಡಿ ಎಂದು ಜಟ್ಟಪ್ಪ ಹೇಳಿಕಳಿಸಿದ್ದ. ಆದರೆ ನಮ್ಮಲ್ಲಿ ಉಪ್ಪು, ಬೆಂಕಿಪೊಟ್ಟಣ, ಜಮೀನಿನ ಪತ್ರ, ಬೆಲೆಯುಳ್ಳದ್ದೆಲ್ಲ ಮಳೆಗಾಲದಲ್ಲಿ ಏರುವುದು ಒಲೆಯ ಮೇಲಿನ ಅಟ್ಟಕ್ಕೆ. ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಇಷ್ಟು ದುಬಾರಿ ವೈನಿಗೆ ಅದಕ್ಕಿಂತ ಕಡಿಮೆ ಮರ್ಯಾದೆ ಸಲ್ಲದು. ಒಣಮೀನಿನ ಬುಟ್ಟಿಯ ಪಕ್ಕ ಆರೂ ಬಾಟಲಿ ಮಲಗಿದವು. ಅಡ್ಡವೇ ಮಲಗಿದ್ದವು, ಆ ಮಟ್ಟಿಗೆ ಜಟ್ಟಪ್ಪನ ಮಾತು ನಡೆಯಿತು.

ಆಷಾಢದಲ್ಲೊಂದು ದಿನ ಅನ್ನದ ಪಾತ್ರೆಯ ಮುಚ್ಚಳದ ಮೇಲೆ ಕೆಂಪು ಹನಿ ಕಂಡೆ. ಒಲೆಯ ಬಿಸಿಗೆ ಬಿರಡೆಗಳು ಎದ್ದುಬಂದಿದ್ದವು. ಚಿಕ್ಕಮ್ಮ ತುಂಗಮ್ಮನಿಗೆ ತೋರಿಸಿದೆ. ಸೋರುವ ಕೊಡಕ್ಕೆ ಮಾಡುವ ಹಾಗೆ ಅವರು ಹಲಸಿನ ಮೇಣ ಕಾಯಿಸಿ, ಬಿರಡೆಗಳನ್ನು ಒತ್ತಿ, ಸುತ್ತ ಮೆತ್ತಿದರು. ಚಿಕ್ಕಪ್ಪನಿಗೆ ಹೇಳಬೇಡ ಎಂದರು. ಹೇಳುವ ಅಭ್ಯಾಸ ನನಗೆ ಇರಲೂ ಇಲ್ಲ.

ನವರಾತ್ರಿ ಕಳೆದ ಮೇಲೆ ನಾಗರಾಜಪ್ಪನವರು ಮಧ್ಯಾಹ್ನದ ಊಟಕ್ಕೆ ಬಂದರು. ಚಿಕ್ಕಪ್ಪ ಬಿರಡೆ ತೆಗೆಯಲು ಕತ್ತಿಯ ತುದಿ ಹಾಕಿದರು, ಕೊಡೆಯ ಕಡ್ಡಿ ಹಾಕಿದರು, ಕೊನೆಗೆ ಹಲ್ಲನ್ನೂ ಹಾಕಿದರು. ಹಲಸಿನ ಮೇಣ ಯಾರ ಮುಲಾಜಿಗೂ ಬಗ್ಗಲಿಲ್ಲ. ಸೌಟಿನ ಹಿಡಿಯಿಂದ ಒಳಕ್ಕೇ ತಳ್ಳಿದಾಗ ವೈನು ಚಿಮ್ಮಿ ಸಾಹೇಬರ ಬಿಳಿ ಅಂಗಿಯನ್ನು ಸೇರಿತು. ಉಳಿದದ್ದರಲ್ಲಿ ಅವರು ಒಂದು ಗುಟುಕು ಕುಡಿದು, ಗ್ಲಾಸನ್ನು ಮೆಲ್ಲಗೆ ದೂರ ಸರಿಸಿದರು. ವೈನಿನಿಂದ ಎದ್ದ ಒಣಮೀನಿನ, ಹೊಗೆಯ ವಾಸನೆ ಬಾಗಿಲ ಸಂದಿಯಲ್ಲಿ ನಿಂತ ನನ್ನ ತನಕ ಬಂತು.

"ಮಜ್ಜಿಗೆ ಉಂಟಾ?" ಎಂದು ಕೇಳಿದರು. ಆಮೇಲೆ, ಒಳಗೆ ಕತ್ತಲೆ, ಕಲೆ ಎಷ್ಟಾಗಿದೆ ನೋಡುತ್ತೇನೆ, ಲೈಟು ಹಾಕಿ ಎಂದರು.

ಎರಡು ವರ್ಷದಿಂದ ಚಿಕ್ಕಪ್ಪ ಕಾದದ್ದೇ ಈ ಮಾತಿಗೆ. "ಲೈಟೇ ಇಲ್ಲ ಸಾರ್. ಅದಕ್ಕೇ ತಮ್ಮನ್ನ ಕರೆದದ್ದು."

"ಅರ್ಜಿ ಯಾವಾಗ ಕೊಟ್ರಿ?"

"ಅರ್ಜಿನಾ?"

"ಸರದಿ ಮೇಲೆ ಬರ್ತದೆ ಗೌಡ್ರೇ. ನಿಮ್ಮ ಪಕ್ಕದ ದುಗ್ಗಪ್ಪ ಎಂಬತ್ನಾಕರಲ್ಲೇ ಕೊಟ್ಟಿದ್ದ. ಅವನ ಮನೆಗೆ ಕಂಬ ಬಂತಲ್ಲ, ನೋಡ್ಲಿಲ್ವಾ?"

ನೋಡಿದ್ದೆವು. ದುಗ್ಗಪ್ಪ ಯಾರಿಗೆ ಏನು ಕುಡಿಸಿದನೋ ಎಂದು ಮನೆಮಂದಿಯೆಲ್ಲ ಮಾತಾಡಿಕೊಂಡಿದ್ದೆವು.

ಚಿಕ್ಕಪ್ಪ ಬಾಟಲಿಯ ನಂಬರು ಓದುತ್ತಾ ಕೂತರು. ಹೊರಗಿನವರ ಮುಂದೆ ಎಂದೂ ಬಾಯಿ ಬಿಡದ ನಾನು ಬಾಗಿಲಿನಿಂದಲೇ ಕೇಳಿದೆ.

"ಫಾರಂ ಎಲ್ಲಿ ಸಿಗ್ತದೆ ಸಾರ್?"

ಮರುದಿನವೇ ಕರೆಂಟ್ ಆಫೀಸಿಗೆ ಹೋಗಿ ತಂದು ತುಂಬಿದೆ. ಒಂದೇ ಹಾಳೆ. ಬಿರಡೆಯ ಪ್ರಶ್ನೆ ಇಲ್ಲದ್ದರಿಂದ ಮೂರು ದಿನ ಬೇಕಾಗಲಿಲ್ಲ. ಸರದಿಗೆ ಒಂದೂವರೆ ವರ್ಷವಾಗಬಹುದು ಎಂದರು. ಕಾಯುವವರು ದೊಡ್ಡ ಮನುಷ್ಯರಂತೆ, ಕಾಯುತ್ತಿದ್ದೇನೆ.

ಅಲ್ಲಿಯವರೆಗೆ ಇನ್ನೊಂದು ದೀಪವಾದರೂ ಇರಲಿ ಎಂದು ಖಾಲಿಯಾದ ವೈನು ಬಾಟಲಿಗೆ ಸೀಮೆಎಣ್ಣೆ ತುಂಬಿದೆ. ಬತ್ತಿ ಇಳಿಸಲು ತೂತು ಹೊಡೆದ ತಗಡಿನ ಮುಚ್ಚಳ ಬೇಕು. ಕಾರ್ಕಾದರೆ ಹೊತ್ತಿಕೊಳ್ಳುತ್ತದೆ, ಕಾರ್ಕಿನ ಬಾಟಲಿಯ ಬಾಯಿಗೆ ತಿರುಪಿನ ಮುಚ್ಚಳ ಕೂರುವುದಿಲ್ಲ. ಈಗ ಕೆಮ್ಮಿನ ಔಷಧಿಯ ಬಾಟಲಿಯ ಬೆಳಕಿನಲ್ಲಿ ಹೊಲಿಯುತ್ತಿದ್ದೇನೆ.