ಮೊಳಕ್ಕೆ ಎರಡಂಗುಲ

ಮೂರನೆಯ ಬಿದಿರು ಸೀಳುವಾಗ ಮಚ್ಚು ಜಾರಿ ಅಂದಾನಪ್ಪನ ಎಡಗೈ ಹೆಬ್ಬೆರಳಿಗೆ ಬಿತ್ತು. ಬೆರಳನ್ನು ಬಾಯಿಗಿಟ್ಟುಕೊಂಡು ಸುತ್ತ ನೋಡಿದ. ಯಾರೂ ನೋಡಿಲ್ಲವೆಂದು ಸಮಾಧಾನಪಟ್ಟುಕೊಂಡ. ಎಲ್ಲರೂ ನೋಡಿದ್ದರು. ಅಕ್ಕಿ ಗಿರಣಿಯ ಅಂದಾನಪ್ಪ ಸಾಹುಕಾರ ನಡುಬೀದಿಯಲ್ಲಿ ಕೂತು ಬಿದಿರು ಸೀಳುವುದೆಂದರೆ ಹೊಸಪೇಟೆಯ ಆ ಓಣಿಗೆ ತೋಟಪ್ಪನ ಸಾವಿಗಿಂತ ದೊಡ್ಡ ಸುದ್ದಿ.

ತೋಟಪ್ಪ ಒಳಗೆ ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದ. ಹಿಂದಿನ ಸಂಜೆ ಕಂಪ್ಲಿ ಕೋಟೆಯ ಬಾಗಿಲಿಗೆ ಉಪ್ಪುಕಾಗದ ಉಜ್ಜುತ್ತಿದ್ದವನು ಹಾಗೇ ಮುಂದಕ್ಕೆ ಬಾಗಿದ್ದ. ಕೋಟೆಯ ಬಾಗಿಲೆಂದರೆ ಗೇಣಗಲದ ಸಾಗವಾನಿ ಬಾಗಿಲು, ಅವನೇ ಮಾಡಿದ್ದು. ಹೆಂಡತಿ ಹಂಪಮ್ಮ ನಿದ್ದೆ ಬಂದಿರಬೇಕೆಂದು ದೀಪ ಸಣ್ಣ ಮಾಡಿ ಅಡುಗೆಮನೆಗೆ ಹೋಗಿದ್ದಳು. ಈಗ ಮೈತೊಳೆದು, ವಿಭೂತಿ ಬಳಿದು, ಹೊಸ ರುಮಾಲು ಸುತ್ತಿ ಕೂರಿಸಿದ್ದರು.

ಅವರಲ್ಲಿ ಹೆಣವನ್ನು ಮಲಗಿಸಿ ಒಯ್ಯುವ ಪದ್ಧತಿಯಿಲ್ಲ. ಕೂತವರನ್ನು ಕೂತಂತೆಯೇ ವಿಮಾನದಲ್ಲಿಟ್ಟು ಹೊತ್ತು, ಕೂತಂತೆಯೇ ಕುಣಿಗೆ ಇಳಿಸಬೇಕು. ವಿಮಾನವೆಂದರೆ ಬಿದಿರಿನ ಸಣ್ಣ ಗುಡಿ: ನಾಲ್ಕು ಕಂಬ, ನಡುವೆ ಪೀಠ, ಮೇಲೆ ಗೋಪುರ, ಸುತ್ತ ಬಾಳೆದಿಂಡು, ಬಣ್ಣದ ಕಾಗದ. ತೊಡಕಾದದ್ದು ಇಲ್ಲಿಯೇ. ಮೂವತ್ತು ವರ್ಷಗಳಿಂದ ಆ ಪೇಟೆಯಲ್ಲಿ ಯಾರು ಸತ್ತರೂ ವಿಮಾನ ಕಟ್ಟುತ್ತಿದ್ದವನು ತೋಟಪ್ಪನೇ. ಪೇಟೆಯವರು ಹಾಯಾಗಿ ಸಾಯುವುದನ್ನಷ್ಟೇ ಕಲಿತು, ಕಟ್ಟುವುದನ್ನು ಅವನಿಗೆ ಬಿಟ್ಟಿದ್ದರು.

ಹಂಪಮ್ಮನ ತಮ್ಮ ವಿರುಪಾಕ್ಷಪ್ಪ ಬೆಳಿಗ್ಗೆಯೇ ಒಂದು ದಾರಿ ಹೇಳಿದ್ದ. ಬಳ್ಳಾರಿಯಲ್ಲಿ ತಯಾರು ವಿಮಾನ ಇಟ್ಟುಕೊಂಡವರಿದ್ದಾರೆ, ತಂತಿ ಹೊಡೆದರೆ ಮಧ್ಯಾಹ್ನದ ಗಾಡಿಗೆ ಹಾಕಿ ಕಳಿಸುತ್ತಾರೆ. ಎಲ್ಲರ ಕಣ್ಣೂ ಅಂದಾನಪ್ಪನ ಕಡೆ ತಿರುಗಿತು. ತಯಾರು ಮಾಲಿನ ವಿಷಯದಲ್ಲಿ ಅವನ ಮಾತೇ ಕೊನೆಯದು.

"ತಯಾರದ್ದು ಬ್ಯಾಡ," ಅಂದ ಅಂದಾನಪ್ಪ.

"ಮತ್ತ ಯಾರು ಕಟ್ಟೋರ್ರಿ?"

"ನಾ ಕಟ್ಟತೀನಿ."

ಮೂಲೆಯಲ್ಲಿ ಅಳುತ್ತಿದ್ದ ಹೆಂಗಸರು ಕೂಡ ಒಂದು ಗಳಿಗೆ ಅಳು ನಿಲ್ಲಿಸಿದರು.

* * *

ಅಂದಾನಪ್ಪನಿಗೂ ತೋಟಪ್ಪನಿಗೂ ಜಗಳ ಶುರುವಾದದ್ದು ಒಂದು ತಗಡಿನ ರೈಲಿನಿಂದ. ಗಿರಣಿಗೆ ಹೊಸ ಯಂತ್ರ ನೋಡಿಬರಲು ಮದ್ರಾಸಿಗೆ ಹೋದ ಅಂದಾನಪ್ಪ, ಒಂದು ಅಂಗಡಿಯ ಗಾಜಿನ ಹಿಂದೆ ಗಿರಗಿರ ಓಡುತ್ತಿದ್ದ ಜರ್ಮನಿಯ ಇಂಜಿನ್ನು ಕಂಡು, ಬಂದ ಕೆಲಸ ಮರೆತು, ಅದನ್ನು ತೊಡೆಯ ಮೇಲಿಟ್ಟುಕೊಂಡು ಊರಿಗೆ ಮರಳಿದ್ದ. ಕೀಲಿ ಕೊಟ್ಟರೆ ಅದು ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಓಡುತ್ತಿತ್ತು. ಇಡೀ ಓಣಿ ಬಂದು ನೋಡಿ ಬೆರಗಾಯಿತು. ತೋಟಪ್ಪನೂ ಬಂದ.

ತೋಟಪ್ಪ ಮೋಜಣಿ ಇಲಾಖೆಯಲ್ಲಿ ಸರಪಳಿ ಎಳೆಯುವವನು. ಹಂಪಿಯ ಬಂಡೆಗಳಿಂದ ಕಂಪ್ಲಿಯ ಹೊಳೆದಂಡೆಯವರೆಗೆ ಕಂಡವರ ಹೊಲ ಅಳೆದು ಅಳೆದು ಅವನ ಕಣ್ಣಿಗೇ ಅಳತೆ ಹತ್ತಿಬಿಟ್ಟಿತ್ತು. ಮೈಲಿಗಟ್ಟಲೆ ನೆಲ ಒಂದು ಹಾಳೆಯೊಳಗೆ ಬಂದು, ಒಂದರೊಡನೊಂದು ಜಗಳವಾಡದೆ ತೆಪ್ಪಗೆ ಕೂಡುವುದನ್ನು ನೋಡಿ ಅವನಿಗೆ ಆ ಹುಚ್ಚು ಹಿಡಿದದ್ದು. ಕಂಡದ್ದನ್ನೆಲ್ಲ ಮರದಲ್ಲಿ ಸಣ್ಣದಾಗಿ ಮಾಡುತ್ತಿದ್ದ. ಅದಕ್ಕೊಂದು ನೇಮ: ಮೊಳಕ್ಕೆ ಎರಡಂಗುಲ. ದೊಡ್ಡದು ಒಂದು ಮೊಳವಿದ್ದರೆ ಸಣ್ಣದು ಎರಡಂಗುಲ. ಅದರಲ್ಲಿ ಕೂದಲೆಳೆಯಷ್ಟೂ ಸಡಿಲವಿಲ್ಲ.

ಅವನು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಕಿಸೆಯಿಂದ ದಾರ ತೆಗೆದು ಇಂಜಿನ್ನನ್ನು ಅಳೆದ.

"ಅಂದಾನಣ್ಣ, ಡ್ರೈವರ ಇದರಾಗ ಹೆಂಗ ನಿಂದ್ರತಾನ? ಬಾಗಿಲು ಅವನ ಮೊಣಕಾಲಿಗೆ ಬರತೈತಿ."

"ಇದರಾಗ ಡ್ರೈವರ ಎಲ್ಲಿದಾನಲೇ?"

"ಅದಕ್ಕ ಇಲ್ಲ. ಹಿಡಿಸಿದ್ರ ಇರತಿದ್ದ."

ಆಮೇಲೆ ಏಳು ತಿಂಗಳು, ರಜೆ ಸಿಕ್ಕಾಗಲೆಲ್ಲ ತೋಟಪ್ಪ ಹೊಸಪೇಟೆ ಸ್ಟೇಷನ್ನಿಗೆ ಹೋದ. ಇಂಜಿನ್ನು ನೀರು ಕುಡಿಯುವಷ್ಟು ಹೊತ್ತಿನಲ್ಲಿ ದಾರ ಹಿಡಿದು ಒಂದೊಂದೇ ಅಳತೆ ತೆಗೆದ. ಸ್ಟೇಷನ್ ಮಾಸ್ತರರು ಎರಡು ಸಲ ಅಟ್ಟಿದರು. ಮೂರನೆಯ ಸಲ ತಮ್ಮ ಕೊಠಡಿಯನ್ನೂ ಅಳೆದುಕೋ ಅಂದರು. ಕೊನೆಗೊಂದು ದಿನ ಮರದ ಇಂಜಿನ್ನು ತಂದು ಅಂದಾನಪ್ಪನ ಮುಂದಿಟ್ಟ. ಒಳಗೆ ಡ್ರೈವರನಿದ್ದ. ಕಲ್ಲಿದ್ದಲು ಹಾಕುವವನೂ ಇದ್ದ.

ಅಂದಾನಪ್ಪ ಎತ್ತಿ ನೋಡಿದ, ಬೆರಳಿಂದ ತಳ್ಳಿ ನೋಡಿದ. "ಇದು ಓಡೂದಿಲ್ಲಲ್ಲೋ."

"ಓಡೂದು ಸ್ಟೇಷನ್ನಾಗ ಐತಲ್ಲ," ಅಂದ ತೋಟಪ್ಪ.

ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ಅಂದಾನಪ್ಪನ ಗಾಜಿನ ಕಪಾಟಿಗೆ ಮದ್ರಾಸು, ಮುಂಬಯಿಗಳಿಂದ ಪಾರ್ಸಲಿನ ಮೇಲೆ ಪಾರ್ಸಲು ಬಂದವು: ಅಮೃತಶಿಲೆಯ ತಾಜಮಹಲು, ಹಿತ್ತಾಳೆಯ ತೋಪು, ಸೀಸೆಯೊಳಗಿನ ಹಡಗು. ಪಾರ್ಸಲು ಬಂದ ಕೂಡಲೇ ತೋಟಪ್ಪನಿಗೆ ಹೇಳಿಕಳಿಸುತ್ತಿದ್ದ. ತೋಟಪ್ಪ ದಾರ ಹಿಡಿದು ಬಂದು ತಪ್ಪು ತೆಗೆಯುತ್ತಿದ್ದ. ಅಂದಾನಪ್ಪ ಸಿಟ್ಟಾಗಿ, ಇನ್ನು ನನ್ನ ಹೊಸ್ತಿಲು ತುಳಿಯಬೇಡ ಅನ್ನುತ್ತಿದ್ದ. ಮುಂದಿನ ಪಾರ್ಸಲಿಗೆ ಮತ್ತೆ ಹೇಳಿಕಳಿಸುತ್ತಿದ್ದ. ಒಮ್ಮೆ ತೋಟಪ್ಪ ಸಂಡೂರಿನ ಕಡೆ ಕೆಲಸದ ಮೇಲೆ ಹೋದಾಗ ಬಂದ ಪಾರ್ಸಲು, ಅವನು ಬರುವತನಕ ಹದಿನೆಂಟು ದಿನ ದಾರ ಬಿಚ್ಚದೆ ಬಿದ್ದಿತ್ತು.

* * *

ಕಟ್ಟುತ್ತೇನೆ ಅಂದದ್ದೇನೋ ಆಯಿತು. ಹೇಗೆ ಅನ್ನುವುದು ಅಂದಾನಪ್ಪನಿಗೆ ಹೊಳೆದಿರಲಿಲ್ಲ. ಹತಾರ ಹುಡುಕಲೆಂದು ತೋಟಪ್ಪನ ಅಟ್ಟ ಹತ್ತಿದ. ಅಲ್ಲಿ ಸಾಲಾಗಿ ಹೊಸಪೇಟೆ ಸ್ಟೇಷನ್ನು, ಇಂಜಿನ್ನು, ಕಂಪ್ಲಿಯ ಹರಿಗೋಲು, ಅವನದೇ ಗಿರಣಿ. ಎಲ್ಲದರ ಹಿಂದೆ ಕೆಂಪು ಬಟ್ಟೆಯಲ್ಲಿ ಸುತ್ತಿದ್ದ ಒಂದು ಗಂಟು. ಬಿಚ್ಚಿದರೆ ಗೇಣೆತ್ತರದ ವಿಮಾನ! ನಾಲ್ಕು ಕಂಬ, ಪೀಠ, ಗೋಪುರ, ಹೊರುವ ಕೋಲುಗಳು ಕೂಡ ಇದ್ದವು. ಪೀಠ ಖಾಲಿಯಿತ್ತು.

ಭಲೇ ತೋಟಪ್ಪ, ತನ್ನದನ್ನು ತಾನೇ ಮಾಡಿಟ್ಟುಕೊಂಡು ಹೋಗಿದ್ದಾನೆ ಅಂದುಕೊಂಡ ಅಂದಾನಪ್ಪ. ಅವನಿಗೆ ನಗು ಬಂತು.

ಗೋಡೆಗೆ ನೇತುಹಾಕಿದ್ದ ತೋಟಪ್ಪನ ಮೊಳದ ಕೋಲನ್ನೇ ತಂದ. ತೋಟಪ್ಪನ ದಾರವನ್ನೇ ತಂದ. ಸಣ್ಣದರಲ್ಲಿ ಎರಡಂಗುಲ ಕಂಡಲ್ಲಿ ದೊಡ್ಡದರಲ್ಲಿ ಒಂದು ಮೊಳ. ಒಂದಂಗುಲವಿದ್ದರೆ ಅರ್ಧ ಮೊಳ. ಒಂದೊಂದು ಬಿದಿರನ್ನೂ ಮೂರು ಮೂರು ಸಲ ಅಳೆದು ಕತ್ತರಿಸಿದ. ಬೇರೆಯವರು ಹಗ್ಗ ಬಿಗಿದರು, ಆದರೆ ಅಳೆಯಲು ಯಾರನ್ನೂ ಬಿಡಲಿಲ್ಲ. ವಿರುಪಾಕ್ಷಪ್ಪ ಹೊತ್ತಾಯಿತೆಂದು ಹೇಳಲು ಬಂದರೆ, "ಅಂವ ಎಂದಾದ್ರೂ ಅವಸರ ಮಾಡಿದ್ನೇನು?" ಎಂದು ಗದರಿದ.

ಅಷ್ಟರಲ್ಲಿ ಕುಣಿ ತೋಡುವ ಎರ್ರಿಯಪ್ಪ ಹಗ್ಗ ಹಿಡಿದು ಬಂದ. ಕುಣಿಗೆ ಸತ್ತವರ ಪಾದವೇ ಅಳತೆ. ಇಷ್ಟು ಪಾದ ಉದ್ದ, ಇಷ್ಟು ಪಾದ ಅಗಲ ಎಂದು ಲೆಕ್ಕ. ಎರ್ರಿಯಪ್ಪ ತೋಟಪ್ಪನ ಪಾದ ಅಳೆದು ಹಗ್ಗಕ್ಕೆ ಗಂಟು ಹಾಕಿ, ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡ.

"ಸಣ್ಣ ಪಾದ. ಪುಣ್ಯಾತ್ಮ, ಹೋಗುವಾಗ್ಲೂ ಮಂದಿಗೆ ಭಾಳ ಕೆಲಸ ಹಚ್ಚಲಿಲ್ಲ," ಅಂದ. ಹೊರಗೆ ಬಂದವನು ಏಳುತ್ತಿದ್ದ ವಿಮಾನ ನೋಡಿ ತಲೆ ಕೆರೆದುಕೊಂಡ. ಹಗ್ಗ ಹೆಗಲಿಗೆ ಹಾಕಿಕೊಂಡು ಹೋದ.

* * *

ಹಿಂದಿನ ಶ್ರಾವಣದಲ್ಲಿ ತೋಟಪ್ಪ ಗಿರಣಿಗೆ ಬಂದು, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂಡು ಎಂದು ಅಂದಾನಪ್ಪನಿಗೆ ಹೇಳಿದ್ದ. ಕೂತ ಮೇಲೆ ದಾರ ತೆಗೆದು, ನೆತ್ತಿಯಿಂದ ನೆಲಕ್ಕೆ, ಮೊಣಕಾಲಿನಿಂದ ಮೊಣಕಾಲಿಗೆ, ಭುಜದಿಂದ ಭುಜಕ್ಕೆ ಅಳೆದಿದ್ದ. ಅಂದಾನಪ್ಪ ಆರು ಅಡಿಯ ಆಳು. ತೋಟಪ್ಪನ ರುಮಾಲಿನ ತುದಿ ಅವನ ಎದೆಗೆ ಬರುತ್ತಿತ್ತು.

"ಎದಕ್ಕೋ ಇದು?"

"ನಿನಗೊಂದು ಕುರ್ಚಿ ಮಾಡಬೇಕಂತ."

ಅಂದಾನಪ್ಪನಿಗೆ ಒಳಗೊಳಗೇ ಹಿಗ್ಗಾಯಿತು. ಇಪ್ಪತ್ತೆರಡು ವರ್ಷದಲ್ಲಿ ತೋಟಪ್ಪ ಅವನಿಗೆಂದು ಏನೂ ಮಾಡಿರಲಿಲ್ಲ. ತಿಂಗಳು ಕಳೆಯಿತು, ಎರಡಾಯಿತು, ಕುರ್ಚಿ ಬರಲಿಲ್ಲ. ಕೇಳಿದಾಗಲೆಲ್ಲ ತೋಟಪ್ಪ ಒಂದೇ ಮಾತು ಹೇಳುತ್ತಿದ್ದ: "ಆಗತೈತಿ ಅಣ್ಣ. ಇದಕ್ಕ ಅವಸರ ಮಾಡಬಾರದು."

ತೋಟಪ್ಪ ಸಾಯುವ ನಾಲ್ಕು ದಿನ ಮೊದಲು ಅಂದಾನಪ್ಪನಿಗೆ ತಡೆಯಲಾಗಲಿಲ್ಲ. ನಿನ್ನ ಕುರ್ಚಿಗೆ ಕಾದು ಕಾದು ನಾನೇ ಮರವಾಗುತ್ತೇನೆ, ಬೆಂಗಳೂರಿನಿಂದ ತಯಾರಾದದ್ದನ್ನೇ ತರಿಸಿಕೊಳ್ಳುತ್ತೇನೆ ಎಂದು ರೇಗಿದ. ತೋಟಪ್ಪನೂ ಆ ದಿನ ರೇಗಿದ.

"ತರಿಸ್ಕೋ. ಪಾರ್ಸಲಿನ ದಾರ ಬಿಚ್ಚೂದು ಬಿಟ್ರ ನಿನ್ನ ಕೈಗೆ ಬ್ಯಾರೆ ಏನು ಬರತೈತಿ?"

ಅದೇ ಕೊನೆಯ ಮಾತಾಯಿತು. ಬಿದಿರು ಸೀಳುವಾಗ ಅಂದಾನಪ್ಪನ ಕಿವಿಯಲ್ಲಿ ಇದ್ದದ್ದು ಅದೊಂದೇ. ಇಂದು ಈ ಕೈ ಒಂದು ಅಂಗುಲ ತಪ್ಪಿದರೂ ಆ ಮಾತು ನಿಜವಾಗಿ ಉಳಿಯುತ್ತದೆ. ಆಡಿದ ಮಾತನ್ನು ತಿದ್ದಿಕೊಳ್ಳಲು ಆಡಿದವನೇ ಇಲ್ಲ.

* * *

ಮಧ್ಯಾಹ್ನ ಇಳಿಯುವ ಹೊತ್ತಿಗೆ ವಿಮಾನ ನಿಂತಿತು. ಬಾಳೆದಿಂಡು, ಚೆಂಡುಹೂವು, ಕೆಂಪು ಹಸಿರು ಕಾಗದ. ಅಂದಾನಪ್ಪ ನಾಲ್ಕು ಹೆಜ್ಜೆ ಹಿಂದೆ ಸರಿದು ಸಣ್ಣದನ್ನೂ ದೊಡ್ಡದನ್ನೂ ಒಂದರ ಪಕ್ಕ ಒಂದು ನೋಡಿದ. ಹೆತ್ತವಳಿಗೂ ಮಗುವಿಗೂ ಇರುವ ಹೋಲಿಕೆ ಕಾಣಿಸಿತು.

ಅಯ್ಯನವರು ಮಂತ್ರ ಹೇಳಿದರು. ನಾಲ್ವರು ತೋಟಪ್ಪನನ್ನು ಎತ್ತಿ ತಂದು ಪೀಠದ ಮೇಲೆ ಕೂರಿಸಿದರು. ಕೂರಿಸಿ ಕೈ ಬಿಟ್ಟದ್ದೇ ತಡ, ತೋಟಪ್ಪ ಎಡಕ್ಕೆ ವಾಲಿದ. ನೆಟ್ಟಗೆ ಮಾಡಿದರೆ ಬಲಕ್ಕೆ ವಾಲಿದ. ಎರಡೂ ಮಗ್ಗುಲಿಗೆ ಇನ್ನೊಂದೊಂದು ಕೂಸು ಕೂರುವಷ್ಟು ಜಾಗ ಉಳಿದಿತ್ತು. ನೆತ್ತಿಯ ಮೇಲಂತೂ ಗೋಪುರ ಎಲ್ಲೋ ಆಕಾಶದಲ್ಲಿತ್ತು.

ಮಂದಿ ನೆಲ ನೋಡಿದರು. ಸಾವಿನ ಮನೆಯಲ್ಲಿ ನಗು ತಡೆಯಲು ನೆಲ ನೋಡುವುದೇ ದಾರಿ. ಹೊಸ್ತಿಲಲ್ಲಿ ನಿಂತಿದ್ದ ಹಂಪಮ್ಮ ಬಾಯಿಗೆ ಸೆರಗು ಹಿಡಿದಳು. ಅಳುವೋ ನಗುವೋ ಯಾರಿಗೂ ತಿಳಿಯಲಿಲ್ಲ.

ಅಂದಾನಪ್ಪನ ಮುಖ ಬಾಡಿತು. ಕೋಲು ಅವನದೇ, ದಾರ ಅವನದೇ, ಮಾದರಿ ಅವನದೇ. ಅಂದ ಮೇಲೆ ತಪ್ಪಿದ್ದು ತನ್ನ ಕೈಯೇ. ವಾದ ಮಾಡದೆ ಗಿರಣಿಯಿಂದ ಎರಡು ಭತ್ತದ ಹೊಟ್ಟಿನ ಚೀಲ ತರಿಸಿ, ಬಿಳಿ ಬಟ್ಟೆ ಸುತ್ತಿ, ತೋಟಪ್ಪನ ಎರಡೂ ಮಗ್ಗುಲಿಗೆ ಗಿಡಿದ. ತೋಟಪ್ಪ ನೆಟ್ಟಗೆ ಕೂತ.

ಭಜನೆಯವರು ಮುಂದೆ, ವಿಮಾನ ಹಿಂದೆ. ಓಣಿಯ ತಿರುವಿನಲ್ಲಿ ಗೋಪುರ ಎಲೆ ಅಂಗಡಿಯ ಚಪ್ಪರಕ್ಕೆ ಸಿಕ್ಕಿ, ಅಂಗಡಿಯವನು ಒಂದು ಕಂಬ ಕಿತ್ತು ದಾರಿ ಮಾಡಿಕೊಟ್ಟ. ಕುಣಿಯ ಹತ್ತಿರ ಇಳಿಸಿದಾಗ ಎರ್ರಿಯಪ್ಪ ಸಲಿಕೆ ಊರಿ ನಿಂತು, ಬೆಳಿಗ್ಗೆ ನುಂಗಿಕೊಂಡಿದ್ದ ಮಾತನ್ನು ಆಡಿಯೇಬಿಟ್ಟ.

"ಸಾವ್ಕಾರ್ರ, ಕುಣಿ ತೋಟಪ್ಪನ ಅಳತಿ. ವಿಮಾನ ಯಾರ ಅಳತಿರಿ?"

ಅಂದಾನಪ್ಪ ಒಂದು ಹಿಡಿ ಮಣ್ಣು ಹಾಕಿ, ಮನಸ್ಸಿನಲ್ಲೇ ಸೋತೆನೆಂದು ಒಪ್ಪಿಕೊಂಡು ಹಿಂದೆ ಸರಿದ.

ಸ್ನಾನ ಮುಗಿಸಿ, ಸಣ್ಣ ವಿಮಾನವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಹಂಪಮ್ಮನಿಗೆ ಮರಳಿಸಲು ಹೋದ. ಅಳತೆ ತಪ್ಪಿತು ತಂಗಿ, ತಪ್ಪು ತಿಳಿಯಬೇಡ ಅಂದ. ಹಂಪಮ್ಮ ಗಂಟನ್ನು ಕೈಗೆ ತೆಗೆದುಕೊಳ್ಳಲಿಲ್ಲ.

"ಅದು ನಿಮ್ದಾ ಐತ್ರಿ ಅಣ್ಣಾರ."

"ನಂದು?"

"ಕುರ್ಚಿ ಅಂತ ಹೇಳಿ ನಮ್ಮವರು ನಿಮ್ಮ ಅಳತಿ ತೊಗೊಂಡಿದ್ರಲ್ಲ, ಅದಾ ಇದು. 'ಅಂದಾನಣ್ಣ ಹೋದಾಗ ನಾ ಇರತೀನೋ ಊರೂರು ತಿರಗತಿರತೀನೋ. ಮಂದಿ ಗಡಿಬಿಡಿಯಾಗ ತಯಾರದ್ದು ತರತಾರ, ಅವನ ತಲಿ ಗೋಪುರಕ್ಕ ಬಡಿತೈತಿ' ಅಂತಿದ್ರು. ಅದಕ್ಕ ಮೊದ್ಲಾ ಮಾಡಿಟ್ರು."

ಅಂದಾನಪ್ಪ ಕಟ್ಟೆಯ ಮೇಲೆ ಕೂತು, ಗಂಟನ್ನು ತೊಡೆಯ ಮೇಲಿಟ್ಟುಕೊಂಡ. "ನಾನಾ ಮೊದ್ಲು ಹೋಗತೀನಿ ಅಂತಿದ್ನೇನು?" ಎಂದು ಕೇಳಿದ.

"ನೀವು ದಿನಾ ಅಷ್ಟಷ್ಟು ಮೆಣಸಿನಕಾಯಿ ಬಜಿ ತಿಂತೀರಲ್ರಿ," ಅಂದಳು ಹಂಪಮ್ಮ. ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು: "ಮುಂಜಾನಿನಾ ನೋಡಿದ್ನಿರಿ. ಜೀವಂತ ಇರೋರಿಗೆ ಅದು ನಿಮ್ದು, ತೆಗೆದಿಡ್ರಿ ಅಂತ ಹೆಂಗ ಹೇಳ್ಲಿ?"

ಅಂದಾನಪ್ಪನ ತಲೆಯಲ್ಲಿ ಬೇರೊಂದು ಲೆಕ್ಕ ಓಡುತ್ತಿತ್ತು. ಮುಖ ಮೆಲ್ಲಗೆ ಅರಳಿತು.

"ಹಂಗಾದ್ರ ಅಳತಿ ಸರಿ ಇತ್ತು. ನನ್ನ ಕೈ ತಪ್ಪಿಲ್ಲ," ಅಂದ. ಈ ಮಾತನ್ನು ಯಾರಿಗೆ ಹೇಳಬೇಕಿತ್ತೋ ಅವನ ಕಡೆ ತಿರುಗಿದ. ಅಲ್ಲಿ ಗೋಡೆಯಿತ್ತು.

ದೀಪ ಹಚ್ಚುವ ಹೊತ್ತಿಗೆ ಅವನು ತನ್ನ ಮನೆಯಲ್ಲಿ ಗಾಜಿನ ಕಪಾಟಿನ ಮುಂದೆ ಕೂತಿದ್ದ. ತಾಜಮಹಲನ್ನು ಪಕ್ಕಕ್ಕೆ ಸರಿಸಿ ವಿಮಾನಕ್ಕೆ ಜಾಗ ಮಾಡಿದ. ಉಳಿದ ಬಿದಿರಿನ ಗಿಣ್ಣೊಂದನ್ನು ಚಾಕುವಿನಿಂದ ಕೆತ್ತತೊಡಗಿದ. ಹೆಬ್ಬೆರಳಿನ ಪಟ್ಟಿ ಅಡ್ಡ ಬರುತ್ತಿತ್ತು. ಕೈ ಕಾಲು ಮೂಡಲಿಲ್ಲ, ಮೂಗು ಹಾರಿಹೋಯಿತು. ಆದರೂ ರುಮಾಲು ಸುತ್ತಿಕೊಂಡು ಚಕ್ಕಂಬಕ್ಕಳ ಹಾಕಿದ ಒಬ್ಬ ಗಿಡ್ಡ ಮನುಷ್ಯ ಹೊರಬಂದ. ತೋಟಪ್ಪನ ದಾರದಿಂದ ಅಳೆದು, ಬುಡವನ್ನು ಇನ್ನಷ್ಟು ಹೆರೆದ. ಪೀಠದ ಮೇಲಿಟ್ಟ. ಗೊಂಬೆ ಎಡಕ್ಕೆ ವಾಲಿತು.

ಅಂದಾನಪ್ಪ ಅಂಗಿಯ ಕಿಸೆಗೆ ಕೈಹಾಕಿ ತಡಕಾಡಿದ. ಗಿರಣಿಯವರ ಕಿಸೆಯಲ್ಲಿ ಇದ್ದೇ ಇರುವ ಎರಡು ಭತ್ತದ ಕಾಳು ಸಿಕ್ಕವು. ಗೊಂಬೆಯ ಆ ಮಗ್ಗುಲಿಗೊಂದು, ಈ ಮಗ್ಗುಲಿಗೊಂದು ಮೆಲ್ಲಗೆ ಗಿಡಿದು, ಕೈ ಬಿಟ್ಟು ನೋಡಿದ.