ಊರಮ್ಮನ ಫೋನ್ ನಂಬರು

'ನಾನು ಕೆಟ್ಟವಳಾ?' ಎಂದು ಬರೆದು ಯಶೋಧರಾ ಪೆನ್ನು ಎತ್ತುವಷ್ಟರಲ್ಲಿ ಬಸ್ಸು ಕುಲುಕಿ, ಪ್ರಶ್ನಾರ್ಥಕ ಚಿಹ್ನೆಯ ಬಾಲ ಡೈರಿಯ ಬಲಪುಟಕ್ಕೂ ಹರಿದುಹೋಯಿತು. ಮುಂದಿನ ಸೀಟಿನಲ್ಲಿ ಮೇಘನ, ಕಂಡಕ್ಟರನ ಮಗಳ ಪರೀಕ್ಷೆಯ ವಿಚಾರ ಕೇಳುತ್ತಿದ್ದಳು. ಎರಡು ವರ್ಷದಿಂದ ಇದೇ ಬಸ್ಸಿನಲ್ಲಿ ಓಡಾಡುವ ಯಶೋಧರಾಳಿಗೆ ಅವನಿಗೊಬ್ಬ ಮಗಳಿದ್ದಾಳೆಂದೇ ಗೊತ್ತಿರಲಿಲ್ಲ. ಅವಳು ಎಡಪುಟದಲ್ಲಿ ಇನ್ನೊಂದು ಸಾಲು ಸೇರಿಸಿದಳು: 'ಅದು ನಿದ್ದೆ ಹೋಗುತ್ತದೆಂದು ನನಗೆ ಗೊತ್ತು. ಮೇಘನಳಿಗೆ ಗೊತ್ತಿಲ್ಲ. ನಾನು ಹೇಳಿಲ್ಲ.'

ಇಬ್ಬರೂ ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನ ಎದುರು, ಗೊಬ್ಬರದಂಗಡಿಯ ಮಹಡಿಯಲ್ಲಿದ್ದ ಶಿವಶಂಕರ್ ಅವರ ಪುಟ್ಟ ಕಂಪನಿಯಲ್ಲಿ ಕೆಲಸಕ್ಕಿದ್ದರು. ಮಾಕವಳ್ಳಿ ಹತ್ತಿರದ ಹೊನ್ನಪ್ಪನ ಆಲೆಮನೆಗೆ ಒಂದು ವೆಬ್‌ಸೈಟು ಬೇಕಾಗಿತ್ತು. ಬೆಲ್ಲ ಮಾಡಿಸಲು ಕಬ್ಬು ತರುವವರು ತಮ್ಮ ಸರದಿ ಯಾವ ದಿನ ಬರುತ್ತದೆಂದು ಮನೆಯಲ್ಲೇ ಕೂತು ಫೋನಿನಲ್ಲಿ ನೋಡಿಕೊಳ್ಳಬೇಕು, ಅಷ್ಟೇ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಅದನ್ನು ಬರೆದವಳು ಯಶೋಧರಾ. ಆದರೆ ಯಾವ ಕ್ಲೌಡಿನಲ್ಲಿ ಇಡುವುದೆಂದು ಆರಿಸಿ, ಹೋಗಿ ತೋರಿಸಿ ಬರುವ ಕೆಲಸ ಮೇಘನಳಿಗೆ ಸಿಕ್ಕಿತು. ನಾಲ್ಕು ಜನರ ಮುಂದೆ ಮಾತಾಡುವುದು ನಿನ್ನ ಕೈಲಾಗದಲ್ಲಮ್ಮ ಎಂದು ಶಿವಶಂಕರ್ ಮರುಕದಿಂದಲೇ ಹೇಳಿದ್ದರು. ಬೈದಿದ್ದರೆ ಮರೆತುಬಿಡುತ್ತಿದ್ದಳು. ಮರುಕ ಒಳಗೇ ಕೂತಿತು.

ಮೇಘನ ಅಂಥ ಮೂರು ಕ್ಲೌಡ್ ಪ್ಲಾಟ್‌ಫಾರ್ಮುಗಳನ್ನು ಆಫೀಸಿನ ಗೋಡೆಯ ಮೇಲೆ ಅಕ್ಕಪಕ್ಕ ಹಾಕಿ ತೋರಿಸಿ, ಗುಂಡಿ ಒತ್ತಿದ ಕೂಡಲೇ ಸೈಟು ಮೇಲೇರುವ ಬಿಟ್ಟಿಯದನ್ನು ಆರಿಸಿದಳು. ಅದನ್ನು ಯಶೋಧರಾ ಕಾಲೇಜಿನಲ್ಲೇ ಬಳಸಿ ನೋಡಿದ್ದಳು. ಕಾಲು ಗಂಟೆ ಯಾರೂ ತೆರೆಯದಿದ್ದರೆ ಅದು ಮಲಗಿಬಿಡುತ್ತದೆ. ಎದ್ದಾಗ ಆಗತಾನೇ ಹುಟ್ಟಿದ ಕೂಸಿನಂತೆ, ಒಳಗೆ ಬರೆದಿಟ್ಟದ್ದೊಂದೂ ನೆನಪಿರುವುದಿಲ್ಲ. ಹೆಸರುಗಳನ್ನು ಬೇರೆ ಕಡೆ ಇಡುವ ಏರ್ಪಾಟು ಬೇಕು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಶಿವಶಂಕರ್ ಅವಳತ್ತ ತಿರುಗಿ ಕೇಳಿಯೂ ಕೇಳಿದರು. "ಆಗ್ಬೋದು ಸರ್" ಎಂದಳು. ಮುಂದಿನ ನಾಲ್ಕು ದಿನ ಆಫೀಸಿನಲ್ಲಿ ಎಲ್ಲರೂ ಅದನ್ನು ಒತ್ತಿ ಒತ್ತಿ ನೋಡುತ್ತಲೇ ಇದ್ದುದರಿಂದ ಹಗಲಲ್ಲಿ ಅದಕ್ಕೆ ಮಲಗಲು ಪುರುಸೊತ್ತೇ ಸಿಗಲಿಲ್ಲ. ರಾತ್ರಿ ಅಳಿಸಿಹೋದ ಸುಳ್ಳು ಹೆಸರುಗಳನ್ನು ಬೆಳಿಗ್ಗೆ ಯಾರೂ ಹುಡುಕಲಿಲ್ಲ.

ಐದನೆಯ ದಿನ ಬಸ್ಸಿಳಿದು ಇಬ್ಬರೂ ಹೋಗುವ ಹೊತ್ತಿಗೆ ಆಲೆಮನೆಯ ಮುಂದೆ ಮೂವತ್ತು ಜನ ಸೇರಿದ್ದರು. ಮೊದಲು ಬಂದವರಿಗೆ ಮೊದಲ ಸರದಿ. ಹಾಗಾಗಿ ಕೋಳಿ ಕೂಗುವ ಮುಂಚೆಯೇ ಬಂದು ಕೂತವರೂ ಇದ್ದರು. ಹೊನ್ನಪ್ಪ ಸರದಿ ಬರೆಯುವ ತನ್ನ ಹಳೆಯ ಪುಸ್ತಕವನ್ನು ಮಾಡಿನ ಸಂದಿಗೆ ಸಿಕ್ಕಿಸಿ, ಇನ್ನು ಅದರ ಋಣ ತೀರಿತು ಎಂದ. ಮೇಘನ ಫೋನು ಹಿಡಿದು ಕೂತಳು. ಆದರೆ ಆ ಆಲೆಮನೆಯಲ್ಲಿ ಮೊದಲ ಸರದಿ ಯಾವಾಗಲೂ ಊರಮ್ಮನದು. ಆ ದಿನದ ಬೆಲ್ಲ ಗುಡಿಗೆ. ಮೇಘನ ಊರಮ್ಮನ ಹೆಸರು ಬರೆದರೆ, ಫೋನ್ ನಂಬರು ಕೊಡದೆ ಸೈಟು ಮುಂದಕ್ಕೇ ಹೋಗಲಿಲ್ಲ.

"ನಂಬರು ಕೇಳ್ತದಲ್ಲವ್ವ ನಿನ್ ಮಿಸೀನು? ಅವ್ಳಿನ್ನೂ ಸಿಮ್ಮು ತಕಂಡಿಲ್ಲ" ಎಂದ ಹೊನ್ನಪ್ಪ.

"ನನ್ ನಂಬರೇ ಆಕ್ಬುಡ್ತೀನಿ ಬುಡಿ. ಅವ್ಳಿಗ್ ಬಂದ್ ಫೋನು ನಾನೇ ಎತ್ತೀನಿ" ಎಂದಳು ಮೇಘನ.

ಇಡೀ ಚಪ್ಪರ ನಕ್ಕಿತು. ಚಿಕ್ಕಬೋರಮ್ಮ ಎಂಬ ಮುದುಕಿಯಂತೂ ಮೇಘನಳ ಗಲ್ಲ ಹಿಡಿದು ನೆಟಿಕೆ ಮುರಿದಳು. ನಂಬರು ಕೇಳುವ ಆ ಖಾನೆಯನ್ನು ಬರೆದವಳು ಯಶೋಧರಾ. ಅವಳ ತಪ್ಪು ಕೂಡ ಮೇಘನಳ ಕೈಗೆ ಹೋದರೆ ಹೂವಾಗುತ್ತಿತ್ತು. ಅವಳು ಕಂಬದ ಹಿಂದೆ ಕೂತು, ಎಡಪುಟವನ್ನು ಹಿಂದಕ್ಕೆ ಮಡಿಚಿ, ಬಲಪುಟದಲ್ಲಿ ಪ್ರತಿಯೊಂದು ಹೆಸರನ್ನೂ ಬಂದ ಸಾಲಿನಲ್ಲೇ ಬರೆದುಕೊಂಡಳು. ಒಂದು, ಊರಮ್ಮ, ಮುಂದೆ ಮೇಘನಳ ನಂಬರು. ಎರಡು, ಮುದ್ದಯ್ಯ. ಮೂರು, ಚಿಕ್ಕಬೋರಮ್ಮ. ಯಾಕೆ ಬರೆಯುತ್ತಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಧ್ಯಾಹ್ನ ಹೊನ್ನಪ್ಪ ಎಲ್ಲರಿಗೂ ಎಲೆ ಹಾಕಿಸಿದ. ಮುದ್ದೆ, ಅವರೆಕಾಳಿನ ಸಾರು. ಎಲ್ಲರ ಬಲಗೈಯೂ ಎಲೆಯ ಮೇಲೆ. ಫೋನುಗಳೆಲ್ಲ ಜೇಬಿನಲ್ಲಿ, ಮಡಿಲಲ್ಲಿ. ಯಶೋಧರಾಳ ಫೋನು ಎಡತೊಡೆಯ ಪಕ್ಕದಲ್ಲಿತ್ತು. ಒಂದು ಸಲ ಸೈಟು ತೆರೆದರೆ ಸಾಕು, ಎಚ್ಚರವಾಗಿರುತ್ತಿತ್ತು. ಹತ್ತು ನಿಮಿಷವಾಯಿತು. ಪಕ್ಕದಲ್ಲಿ ಕೂತಿದ್ದ ಮೇಘನ ತನ್ನ ಎಲೆಯ ಹಪ್ಪಳವನ್ನು ಅವಳ ಎಲೆಗೆ ಹಾಕಿ, ತಿನ್ನೇ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು ಎಂದಳು. ಯಶೋಧರಾ ಹಪ್ಪಳ ಮುರಿದಳು. ಫೋನು ಮುಟ್ಟಲಿಲ್ಲ.

ಊಟವಾದ ಮೇಲೆ ಚಿಕ್ಕಬೋರಮ್ಮ ತನ್ನ ಸರದಿ ಎಂದಿಗೆಂದು ಕೇಳಿಕೊಂಡು ಬಂದಳು. ಮೇಘನ ಫೋನು ತೆಗೆದಳು. ಸೈಟು ಒಂದು ನಿಮಿಷ ತಿರುಗುತ್ತಲೇ ಇದ್ದು, ಆಮೇಲೆ 'ಇನ್ನೂ ಯಾರೂ ಹೆಸರು ಬರೆಸಿಲ್ಲ' ಎಂದಿತು. ಅವಳು ಮತ್ತೆ ಮತ್ತೆ ಒತ್ತಿದಳು. ಸುದ್ದಿ ಚಪ್ಪರದ ಆ ತುದಿಗೆ ಹೋಗುವಷ್ಟರಲ್ಲಿ ಯಾರು ಮೊದಲು ಬಂದವರೆಂಬ ಜಗಳ ಎದ್ದಿತು. ನಾನು ಬಂದಾಗ ನಿನ್ನ ಗಾಡಿ ಎಲ್ಲಿತ್ತಲಾ ಎಂದು ಮುದ್ದಯ್ಯ ಯಾರದೋ ಟವೆಲು ಹಿಡಿದೆಳೆದ.

"ಕಡ್ದಾಕಿರೋ ಕಬ್ಬು ಒಣಗ್ತಾ ಬಿದ್ದದೆ ಕಣವ್ವ. ಈ ಗಂಡಸ್ರ ಮಧ್ಯ ನನ್ ಸರದಿ ಯಾರ್ ಬುಟ್ಟಾರು?" ಎಂದಳು ಚಿಕ್ಕಬೋರಮ್ಮ. ಬೆಳಿಗ್ಗೆ ಗಲ್ಲ ಹಿಡಿದ ಕೈ ಈಗ ಮೇಘನಳ ರಟ್ಟೆ ಹಿಡಿದಿತ್ತು. ಮೇಘನ ಇನ್ನೊಂದು ಸಲ ಫೋನು ಒತ್ತಿದಳು. ಅವಳು ಮಾತು ಸಿಗದೆ ನಿಂತದ್ದನ್ನು ಯಶೋಧರಾ ಅದೇ ಮೊದಲು ನೋಡಿದಳು.

ಯಶೋಧರಾ ಡೈರಿ ಹಿಡಿದು, ಊಟದ ಮೇಲೆ ಮತ್ತೆ ಹೋಗಿ ಕೂತಿದ್ದ ಕಂಬದ ಮರೆಯಿಂದ ಎದ್ದು ಬಂದಳು. ದನಿ ಮೊದಲು ನಡುಗಿತು, ಆಮೇಲೆ ಸರಿಹೋಯಿತು. ಒಂದು, ಊರಮ್ಮ. ಎರಡು, ಮುದ್ದಯ್ಯ. ಮೂವತ್ತೊಂದು ಹೆಸರು ಓದಿ ಮುಗಿಸುವಷ್ಟರಲ್ಲಿ ಟವೆಲು ಬಿಡುಗಡೆಯಾಗಿತ್ತು. ಹೊನ್ನಪ್ಪ ಮಾಡಿನ ಸಂದಿಯಿಂದ ಹಳೆಯ ಪುಸ್ತಕ ಎಳೆದು ಧೂಳು ಕೊಡವಿದ.

"ಮಾತಾಡೋರಲ್ಲ ಕಣ್ರಲಾ, ಇಂಗ್ ಸುಮ್ಕಿರೋರೇ ಮನೆ ಉಳ್ಸೋರು" ಎಂದ.

ಇದೇ ಮಾತಿಗಾಗಿ ಅವಳು ನಾಲ್ಕು ದಿನದಿಂದ ಕಾದಿದ್ದಳು. ಅದು ಬಂದಾಗ ಬಾಯಲ್ಲಿ ಹಪ್ಪಳದ ಉಪ್ಪು ಇನ್ನೂ ಇತ್ತು.

ಮೇಘನ ಪಕ್ಕಕ್ಕೆ ಬಂದು ಡೈರಿಯ ಮೇಲೆ ಬಾಗಿದಳು. ಕಣ್ಣು ಒದ್ದೆಯಾಗಿತ್ತು. "ನೀನಿಲ್ದಿದ್ರೆ ಇವತ್ತು ನನ್ ಕತೆ ಮುಗೀತಿತ್ತು ಕಣೇ ಯಶು. ಬರ್ದಿಟ್ಕೋಬೇಕು ಅಂತ ನಿಂಗೆ ಎಂಗ್ ಹೊಳೀತೇ?"

ಅವಳ ಬೆರಳು ಹೆಸರುಗಳ ಮೇಲೆ ಒಂದೊಂದಾಗಿ ಏರಿ, ಊರಮ್ಮನ ಮುಂದಿದ್ದ ತನ್ನದೇ ನಂಬರಿನ ಪಕ್ಕದಲ್ಲಿ, ಮಡಿಚಿದ ಪುಟದ ಅಂಚಿನಿಂದ ಹೊರಗೆ ಹರಿದುಬಂದಿದ್ದ ಶಾಯಿಯ ಗೀಟಿನ ಮೇಲೆ ನಿಂತಿತು.

"ಹೊಳೀಲಿಲ್ಲ ಮೇಘನ" ಎಂದಳು ಯಶೋಧರಾ. "ನಂಗೆ ಮೊದ್ಲೇ ಗೊತ್ತಿತ್ತು."